ಮುಂದಿನ ಜಾಗ

ತಮ್ಮ ತಂದು ನಿಲ್ಲಿಸಿದ ಸೈಕಲ್ ನೋಡಿದ ಕೂಡಲೇ ಟೈಲರಕ್ಕನಿಗೆ ಮೈಯೆಲ್ಲ ಉರಿಯಿತು. ಕಡ್ಡಿಯಂಥ ಟೈರು, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್. ಹನ್ನೆರಡು ವರ್ಷ ದಪ್ಪ ಟೈರಿನ ಸೈಕಲ್ಲಿನಲ್ಲಿ ಬೆಟ್ಟದ ಬಂಡೆಗಳನ್ನು ಇಳಿದವಳಿಗೆ ಇದೂ ಒಂದು ಸೈಕಲ್ಲೇ! ಆದರೆ ಮಣಿಕಟ್ಟು ಸವೆದಿದೆ, ಇನ್ನು ಬೆಟ್ಟದ ಸಹವಾಸ ಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ರಸ್ತೆಯನ್ನೂ ಬಿಟ್ಟರೆ ಅವಳ ಪಾಲಿಗೆ ಉಳಿಯುವುದು ಹೊಲಿಗೆ ಯಂತ್ರದ ಪೆಡಲ್ ಮಾತ್ರ. ಅದಕ್ಕೆ ಅವಳು ಸುತರಾಂ ಸಿದ್ಧಳಿರಲಿಲ್ಲ.

ತಮ್ಮನ ಭಾನುವಾರದ ತಂಡ ಸೇರಿದಳು. ಅಲ್ಲಿ ಒಬ್ಬರ ಹಿಂದೊಬ್ಬರು ಅಂಟಿಕೊಂಡಂತೆ ಓಡಿಸುವುದು ರೂಢಿ. ಹಿಂದಿನವರಿಗೆ ರಸ್ತೆ ಕಾಣಿಸದು. ಸರದಿಯ ಮೇಲೆ ಮುಂದೆ ಹೋಗುವವರು ಗುಂಡಿ ಬಂದರೆ ಕೈ ಕೆಳಗೆ ಮಾಡಿ ತೋರಿಸಬೇಕು. ತಮ್ಮ ಇದನ್ನು ಎರಡೆರಡು ಸಲ ಹೇಳಿದ್ದ. ಆದರೂ ಅವಳ ಸರದಿ ಬಂದು, ಎದುರಿಗೆ ಗುಂಡಿ ಬಾಯಿ ತೆರೆದಾಗ ಹಳೇ ಚಾಳಿಯೇ ಗೆದ್ದಿತು. ಬೆಟ್ಟದಲ್ಲಿ ಹ್ಯಾಂಡಲ್ ಬಿಟ್ಟವರುಂಟೆ? ಸೈಕಲ್ ಸಮೇತ ಗುಂಡಿ ಹಾರಿಬಿಟ್ಟಳು. ಅವಳ ಬೆನ್ನಿಗಿದ್ದ, ತಂಡಕ್ಕೆ ಹಿರಿಯರಾದ ಡ್ರಿಲ್ ಮೇಷ್ಟ್ರು ನೇರ ಅದರೊಳಗೇ ಹೋಗಿ ಬಿದ್ದರು. ಮೊಣಕಾಲು ತರಚಿತು. ಅದಕ್ಕಿಂತ ಹೆಚ್ಚಾಗಿ ಮರ್ಯಾದೆ ತರಚಿತು.

"ತಪ್ಪಾಯ್ತು ಮೇಷ್ಟ್ರೇ," ಎಂದು ಅವಳೇ ಹಿಡಿದು ಎಬ್ಬಿಸಿದಳು.

"ಇನ್ಮೇಲೆ ನೀವು ಕೊನೇಲಿ ಬನ್ನಿ. ಮುಂದೆ ಹೋಗೋದು ನಿಮ್ಮ ಕೈಲಾಗಲ್ಲ."

ಮೊದಲ ಮಾತು ನ್ಯಾಯವೇ ಇರಬಹುದು. ಎರಡನೆಯದು ಅವಳ ಎದೆಗೆ ನಾಟಿತು.

ವಾರವಿಡೀ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಹಿಂದಿನ ಓಣಿಯಲ್ಲಿ ಒಂದೇ ಕೈಯಲ್ಲಿ ಓಡಿಸಿದಳು. ಇನ್ನೊಂದು ಕೈ ತೆಗೆದರೆ ಸಾಕು, ಆಗತಾನೇ ಹುಟ್ಟಿದ ಕರುವಿನಂತೆ ಸೈಕಲ್ ತಡವರಿಸುತ್ತಿತ್ತು. ಎರಡು ಸಲ ಬಿದ್ದಳು.

"ಅಕ್ಕಾ, ಕೊನೇಲಿ ಬಂದ್ರೆ ಗಂಟೇನು ಹೋಗುತ್ತೆ?" ಎಂದ ತಮ್ಮ.

"ನೀನು ಬಾ ಕೊನೇಲಿ. ನಾನು ಬರೋದು ಕಂಡವರ ಬೆನ್ನು ನೋಡೋಕಲ್ಲ."

ಮುಂದಿನ ಭಾನುವಾರ ಸೀದಾ ಮುಂದೆ ಹೋಗಿ ನಿಂತಳು.

"ಏನ್ ಹೇಳಿದ್ದೆ ನಾನು?" ಮೇಷ್ಟ್ರು ಗುಡುಗಿದರು.

"ಬೀಳಿಸಿದ್ದು ನಾನೇ. ತಪ್ಪಾಯ್ತು ಅಂದಿದೀನಿ. ಹಿಂದೆ ಮಾತ್ರ ಹೋಗಲ್ಲ. ಭಯ ಇದ್ರೆ ನೀವೇ ಹೋಗಿ ಕೊನೇಗೆ."

ಅಷ್ಟು ಜನರೆದುರು ಭಯ ಇದೆ ಎನ್ನಲು ಡ್ರಿಲ್ ಮೇಷ್ಟ್ರಿಗೆ ಬಾಯಿ ಬರುತ್ತದೆಯೆ? ಹಲ್ಲು ಕಚ್ಚಿಕೊಂಡು ಅವಳ ಬೆನ್ನಿಗೇ ನಿಂತರು.

ಹೊರಟರು. ಗುಂಡಿ ಬಂತು, ಅವಳ ಕೈ ಕೆಳಗಿಳಿಯಿತು. ಸೈಕಲ್ ಓಲಾಡಿತು, ಆದರೆ ಬೀಳಲಿಲ್ಲ. ಜಲ್ಲಿ ತೋರಿಸಿದಳು, ಒಡೆದ ಬಾಟಲಿ ತೋರಿಸಿದಳು. ಹುಮ್ಮಸ್ಸಿನಲ್ಲಿ ಒಂದು ಒಣಗಿದ ಎಲೆಯನ್ನೂ ತೋರಿಸಿದಳು. ಏರು ಶುರುವಾಗುವಾಗ ಸರದಿ ಮುಗಿದಿತ್ತು, ಬಿಟ್ಟುಕೊಡಲಿಲ್ಲ. ತೊಡೆ ಉರಿಯುತ್ತಿತ್ತು, ಅವಳಿಗೆ ವಿಪರೀತ ಖುಷಿಯಾಗುತ್ತಿತ್ತು.

ಹಿಂದಿನಿಂದ ಏದುಸಿರಿನ ದನಿ ಬಂತು. "ಸ್ವಲ್ಪ ನಿಧಾನ ಹೋಗಿ. ಹಿಂದಿನವರಿಗೆ ಆಗ್ತಿಲ್ಲ."

"ಹಿಂದಿನವರಿಗೋ, ನಿಮಗೋ?"

ಮೇಷ್ಟ್ರು ಇನ್ನೂ ಅರ್ಧ ಫರ್ಲಾಂಗು ಎದ್ದು ನಿಂತು ಪೆಡಲ್ ತುಳಿದರು.

"ನನಗೇ ಕಣಮ್ಮಾ."

ಅವಳು ಒಂಚೂರು ನಿಧಾನ ಮಾಡಿದಳು. ಜಾಗ ಬಿಡಲಿಲ್ಲ.