ಪುರಸೈವಾಕ್ಕಂ ಎಂಬ ಬಿರುದು

ಶಾಲಿನ ಜರಿಯಂಚು ಟ್ಯೂಬ್‌ಲೈಟಿಗೆ ಮಿಂಚಿತು, ಇದೇ ಮದ್ರಾಸಿನ ಟಿ. ನಗರದ ಬೀದಿಯಲ್ಲಿ ತಂದದ್ದು, ಇರಲಿ, ಸರಸಳಿಗೆ ಬೇಕಿದ್ದದ್ದು ಶಾಲಲ್ಲ, ಹೆಸರು — ಹೊಸ ಹೋಟೆಲನ್ನು ನೆಲೆಗೆ ನಿಲ್ಲಿಸಿ ತೋರಿಸಿದ ಅಡುಗೆಯವರಿಗೆ ಆಯುಧಪೂಜೆಯ ದಿನ ಧಣಿ ರಾಮದಾಸರು ಶಾಲು ಹೊದಿಸಿ ಆ ಜಾಗದ ಹೆಸರನ್ನೇ ಕೊಡುತ್ತಾರೆ, ಆಮೇಲೆ ಸಾಯುವವರೆಗೂ ಅದೇ, ವಡಪಳನಿ ಕೃಷ್ಣರಾಜ ಬಂದ ಅಂದರೆ ಉಡುಪಿಯ ಮದುವೆಮನೆಯಲ್ಲೂ ಜನ ಎದ್ದು ಜಾಗ ಬಿಡುತ್ತಾರೆ, ರೋಮಿನವರದ್ದೂ ಇದೇ ಪದ್ಧತಿಯಂತೆ, ಬಿ.ಎ. ಓದುವ ಮಗಳು ಪ್ರಣಮ್ಯಾ ಮೊನ್ನೆ ಹೇಳಿದ್ದಳು, ಆಫ್ರಿಕಾದಲ್ಲಿ ಗೆದ್ದ ದಂಡನಾಯಕ ಸ್ಕಿಪಿಯೊ ಆಫ್ರಿಕಾನಸ್ ಆದ, ನುಮಿಡಿಯಾದಲ್ಲಿ ಗೆದ್ದವನು ನುಮಿಡಿಕಸ್, ಈರುಳ್ಳಿ ಸುಲಿಯುತ್ತಿದ್ದ ಸರಸ ಕೇಳಿದಳು, ಯುದ್ಧ ಒಬ್ಬರು ಮಾಡಿ ಹೆಸರು ಇನ್ನೊಬ್ಬರಿಗೆ ಹೋಗುವುದುಂಟಾ, ಹೋಗ್ತದಮ್ಮಾ, ಕತ್ತಿ ಹಿಡಿಯದ ಮಗನಿಗೂ ಹೋಗ್ತದೆ, ಕ್ರೀಟಿನಲ್ಲಿ ಸೋತು ಬಂದವನೊಬ್ಬನಿಗೂ ಕ್ರೆಟಿಕಸ್ ಅಂದ್ರು, ಆದ್ರೆ ಅದು ಸುಮ್ಮ ಕಿಂಡಲ್‌ಗೆ — ಗೇಲಿಗೆ, ಹೌದು, ನಾಳೆ ಪುರಸೈವಾಕ್ಕಂ ಕಾಂತಪ್ಪ ಎಂದರೆ ಪಾತ್ರೆ ತೊಳೆಯುವವರೂ ಮುಸಿಮುಸಿ ನಗುವುದಿಲ್ಲವೇ, ಪುರಸೈವಾಕ್ಕಂನ ಹೊಸ ಹೋಟೆಲಿನಲ್ಲಿ ನಲವತ್ತೇ ದಿನ ಒಲೆಯ ಮುಂದೆ ನಿಂತ ಗಂಡ, ಗ್ರೈಂಡರಿನ ಕಲ್ಲೆತ್ತಲು ಹೋಗಿ ಸೊಂಟ ಮುರಿದುಕೊಂಡು ಮೂರು ವರ್ಷ ಮಲಗಿದ್ದು ಯಾರಿಗೆ ಗೊತ್ತಿಲ್ಲ, ಅವರ ಜಾಗಕ್ಕೆ ಎರಡು ದಿನದ ಮಟ್ಟಿಗೆ ಎಂದು ಸೆರಗು ಬಿಗಿದು ಹೋದವಳು ಇವಳು, ಹೋಟೆಲು ಖಾಲಿ ಹೊಡೆಯುತ್ತಿತ್ತು, ಎದುರಿನ ಜವಳಿ ಅಂಗಡಿಯ ಹುಡುಗಿಯರಿಗೆ ಊಟಕ್ಕೆ ಬಿಡುವು ಸಿಗುವುದೇ ಮೂರೂವರೆಗೆ, ಅಷ್ಟರಲ್ಲಿ ಎಲ್ಲ ಕಡೆ ಅನ್ನ ಆರಿರುತ್ತದೆ ಎಂದು ಕಂಡುಕೊಂಡವಳೂ ಇವಳೇ, ಮೂರೂವರೆಗೆ ಬಿಸಿ ಅನ್ನ, ಬಿಸಿ ಸಾರು, ಕೂರಲು ಬೆಂಚು, ಈಗ ಆ ಹೊತ್ತಿಗೆ ಬೀದಿಯವರೆಗೂ ಸಾಲು.

ಇವತ್ತು ಆಯುಧಪೂಜೆ, ಬೆಳಿಗ್ಗೆ ಹೊಸ ಪಂಚೆ ಉಡುತ್ತ ಇವರು ಅಂದದ್ದು, ನನ್ನ ಹೆಸರಾದರೇನು ನಿನ್ನದಾದರೇನು ಮಾರಾಯ್ತಿ, ಒಂದೇ ಮನೆಯಲ್ವಾ, ಒಂದೇ ಆದರೆ ನನ್ನದೇ ಇರಲಿ ಅಂದಳು, ತಮಾಷೆ ಎಂದುಕೊಂಡು ನಕ್ಕರು, ತಮಾಷೆಯಲ್ಲ, ಇವತ್ತು ಕೇಳದಿದ್ದರೆ ಇನ್ನು ಕೇಳುವ ಹಾಗೇ ಇಲ್ಲ — ಧಣಿ ಕರೆದೇಬಿಟ್ಟರು, ಪುರಸೈವಾಕ್ಕಂ ಕಾಂತಪ್ಪ ಬನ್ನಿ, ಇವರು ಸೊಂಟ ಹಿಡಿದುಕೊಂಡು ಎದ್ದರು, ನಾಲ್ಕು ಹೆಜ್ಜೆ, ಕೈಮುಗಿದರು, ಶಾಲಿಗಾಗಿ ಕುತ್ತಿಗೆ ತಗ್ಗಿಸಿದರು, ಬಿಸಿಲು ಕಾಣದೆ ಬಿಳಿಚಿದ ಕುತ್ತಿಗೆ, ನಿನ್ನೆ ಕ್ಷೌರ ಮಾಡಿಸಿದ್ದು, ನೋಡಬಾರದು, ಅತ್ತ ನೋಡಬಾರದು, ಸರಸ ಎದ್ದು ನಿಂತಳು, ಧಣಿ, ಮೂರು ವರ್ಷ ಒಲೆ ಮುಂದೆ ನಿಂತದ್ದು ನಾನು, ಆ ಹೆಸರು ನನಗೆ ಬರ್ಬೇಕು — ಯಾರೋ ಕೆಮ್ಮಿದರು, ಕೃಷ್ಣರಾಜ ಮೆಲ್ಲಗೆ, ಅವಳು ಹೇಳುವುದು ಹೌದು ಧಣಿ ಎಂದ, ಧಣಿಗಳ ಕೈ ಅಲ್ಲೇ ನಿಂತಿತು, ಶಾಲು ಇವಳ ಕಡೆಗೆ ತಿರುಗಿತು, ಸಿಕ್ಕಿತು, ಹಿಂದೆ ಸರಿಯುವ ಮಾತೇ ಇಲ್ಲ, ತೆಗೆದುಕೊಳ್ಳುತ್ತಾಳೆ, ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಾಳೆ, ಆದರೆ ಇವರು ಯಾಕೆ ತಲೆ ಎತ್ತುತ್ತಿಲ್ಲ, ಆ ಕುತ್ತಿಗೆ, ಇನ್ನೂ ತಗ್ಗಿಯೇ ಇದೆ, ಆ ಬಿಳಿಚಿದ ಕುತ್ತಿಗೆ —