ಮೇಲಿನ ತಟ್ಟೆಯ ಮೇಣದಬತ್ತಿ

ಎಂಟು ವರ್ಷಗಳ ಮೇಲೆ ಅಮ್ಮ ಮತ್ತು ನಾನು ನೋವಿ ಸಾದ್ ಪಟ್ಟಣದಿಂದ ಬಸ್ಸು ಹಿಡಿದು, ಗಡಿ ದಾಟಿ, ಕ್ನಿನ್ ಬಳಿಯ ನಮ್ಮ ಹಳ್ಳಿಗೆ ಮರಳಿದ್ದು ಅಪ್ಪನನ್ನು ಹುಡುಕಲು. ಯುದ್ಧದಲ್ಲಿ ಊರಿಗೆ ಊರೇ ಟ್ರ್ಯಾಕ್ಟರು ಹತ್ತಿ ಓಡಿದ ದಿನ ಅಪ್ಪ, "ಹಸುಗಳನ್ನ ಬಿಚ್ಚಿಬಿಟ್ಟು ಹಿಂದೇನೇ ಬರ್ತೀನಿ, ನೀವು ನಡೀರಿ" ಎಂದಿದ್ದ. ಆಮೇಲೆ ಸುದ್ದಿಯೇ ಇಲ್ಲ.

ಮನೆಗೆ ಸೂರಿರಲಿಲ್ಲ. ಬಾವಿಯ ಹಿಂದಿನ ಅಂಜೂರದ ಮರ ಮಾತ್ರ ಹಣ್ಣಿನ ಭಾರಕ್ಕೆ ಬಾಗಿತ್ತು. ಅಮ್ಮ ಒಂದನ್ನು ಕಿತ್ತು ಬಾಯಿಗಿಟ್ಟಳು, ನನಗೂ ಕೊಟ್ಟಳು, ಇನ್ನೊಂದಿಷ್ಟನ್ನು ನನ್ನ ಕೋಟಿನ ಜೇಬಿಗೆ ತುಂಬಿದಳು.

"ನಿಮ್ಮಪ್ಪ ಇಲ್ಲೇ ಎಲ್ಲೋ ಇದಾನೆ ಕಣೇ. ನೀರು ಹಾಕೋರಿಲ್ದೆ ಇಷ್ಟು ಸಿಹಿ ಬರತ್ತಾ?"

"ತಿನ್ಬೇಡ್ರೇ! ಹುಳ ಇದೆ!"

ಬೇಲಿಯಾಚೆಯಿಂದ ಕೂಗಿದ್ದು ಸ್ತಾನಜ್ಜಿ, ಊರು ಬಿಡದೆ ಉಳಿದ ಒಬ್ಬಳೇ ನೆರೆಯವಳು. ಓಡಿಬಂದು ಅಮ್ಮನನ್ನು ತಬ್ಬಿಕೊಂಡಳು. "ಬೋಸಿಲ್ಕಾ, ಪಟ್ಟಣದ ಬ್ರೆಡ್ಡು ತಿಂದು ಕಡ್ಡಿ ಆಗಿದೀಯಲ್ಲೇ! ಇವಳ ಮೂಗು ನೋಡು, ಥೇಟ್ ಇವಳಪ್ಪ ಗೋಯ್ಕೊದೇ. ಪಾಪ, ಹುಡುಗಿಗೆ ಬರಬಾರದಿತ್ತು."

"ಗೋಯ್ಕೊ ಎಲ್ಲಿ, ಅಜ್ಜಿ?"

"ಮೊದಲು ಕಾಫಿ ಕುಡಿ."

ಕಾಫಿ ಮುಗಿದ ಮೇಲೆ, "ಮೊದಲು ಚರ್ಚಿಗೆ ಹೋಗಿಬರೋಣ" ಎಂದಳು. ಅಜ್ಜಿಯ 'ಮೊದಲು'ಗಳಿಗೆ ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ.

ಚರ್ಚಿನಲ್ಲಿ ಮೇಣದಬತ್ತಿ ಊರಲು ಮರಳು ತುಂಬಿದ ಎರಡು ತಟ್ಟೆಗಳು, ಒಂದರ ಕೆಳಗೊಂದು. ಮೇಲಿನದು ಬದುಕಿರುವವರಿಗೆ, ಕೆಳಗಿನದು ಸತ್ತವರಿಗೆ. ನೋವಿ ಸಾದ್‌ನಲ್ಲಿ ಪ್ರತಿ ಭಾನುವಾರ ಅಮ್ಮ ಅಪ್ಪನ ಹೆಸರಿನ ಮೇಣದಬತ್ತಿಯನ್ನು ಮೇಲಿನದರಲ್ಲೇ ಊರುತ್ತಿದ್ದಳು. ಇಲ್ಲೂ ಹಾಗೆಯೇ ಹಚ್ಚಿ, ಶಿಲುಬೆಯ ಗುರುತು ಮಾಡಿಕೊಂಡು, "ಗೋಯ್ಕೊಗೆ" ಎಂದು ಊರಿದಳು.

ಅಜ್ಜಿಯ ಕೈ ಅಡ್ಡ ಬಂತು. ಉರಿಯುತ್ತಿದ್ದ ಬತ್ತಿಯನ್ನು ಕಿತ್ತು ಕೆಳಗಿನ ತಟ್ಟೆಯಲ್ಲಿ ನೆಟ್ಟಳು.

"ಏಯ್, ಅದು ಅವನದು!"

"ಗೊತ್ತು ಕಣೇ. ಅವನಿಗೆ ನಾನು ಇಲ್ಲೇ ಹಚ್ಕೊಂಡು ಬಂದಿದೀನಿ. ಬಾಯಿಬಿಟ್ಟು ಹೇಳೋಕೆ ಆಗ್ಲಿಲ್ಲ."

ಮೇಲಿನ ತಟ್ಟೆಯ ಹತ್ತಿರವೇ ಅಮ್ಮನ ಕೈ ನಿಂತುಬಿಟ್ಟಿತ್ತು. "ಯಾವಾಗ?"

"ನೀವು ಹೋದ ಮಾರನೇ ದಿನ. ಗುಂಡು ಬಿದ್ದಿತ್ತು. ಎಲ್ಲಿದ್ದೀರಂತ ಯಾರಿಗೆ ಹೇಳಿ ಕಳಿಸಲಿ?"

"ಎಲ್ಲಿಟ್ಟೆ ಅವನನ್ನ?"

"ಸ್ಮಶಾನದ ತನಕ ಎಳೆಯೋ ಶಕ್ತಿ ನಂಗೆಲ್ಲಿತ್ತು, ಮಗಳೇ? ಬಾವಿ ಹಿಂದೆ ನೆಲ ಮೆತ್ತಗಿತ್ತು. ಅಲ್ಲೇ, ಮರದ ಬುಡದಲ್ಲಿ ಅಗೆದೆ." ಅಜ್ಜಿ ನಮ್ಮ ಮುಖ ನೋಡಲಿಲ್ಲ. "ಅದಕ್ಕೇ ತಿನ್ಬೇಡಿ ಅಂದೆ."

ನಾನು ಜೇಬಿಗೆ ಕೈಹಾಕಿದೆ. ಹಣ್ಣುಗಳು ಇನ್ನೂ ಬೆಚ್ಚಗಿದ್ದವು. ಒಂದು ಒಡೆದು ಬೆರಳಿಗೆ ಅಂಟಿತು.

ಅಮ್ಮ ಕೈಚಾಚಿದಳು. ಕೊಟ್ಟೆ. ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ಎರಡು ತಟ್ಟೆಗಳ ಮುಂದೆ ಹಾಗೆಯೇ ನಿಂತಳು.