ಸೋಫಾ ನೋಡಲು ಬಂದವರು

"ಕೆಲಸ ಸಿಕ್ತು! ಟೂಸಾನ್ ಆಸ್ಪತ್ರೇಲಿ ಕೆಲಸ ಸಿಕ್ತು ಕಣೋ!"

ರೋಶೆಲ್ ಕೂಗಿದ್ದು ಅಮೆರಿಕದ ಟೊಲೀಡೊ ಊರಿನ ನಮ್ಮ ಬೀದಿಗೆಲ್ಲ ಕೇಳಿಸಿತು. ಎಷ್ಟು ದಿನದಿಂದ ಕಾದಿದ್ದಳು ಪಾಪ! ಗಂಡ ಡೆಲ್ಬರ್ಟ್ ಅದೇ ಸಂಭ್ರಮದಲ್ಲಿ ಟ್ರಕ್ ಗೊತ್ತುಮಾಡಿಬಿಟ್ಟ. ಮುಂದಿನ ತಿಂಗಳೇ ದೂರದ ಟೂಸಾನ್ ಊರಿಗೆ ಹೊರಡಬೇಕು. ಆದರೆ ಬಾಡಿಗೆ ಕರಾರು ಮುಗಿಯಲು ಇನ್ನೂ ಐದು ತಿಂಗಳಿತ್ತು.

"ಅದಕ್ಯಾಕೆ ತಲೆ ಕೆಡಿಸ್ಕೊಳ್ತೀಯಾ? ಬೀಗದ ಕೈನ ಓನರ್ ಬಾಗಿಲ ಕೆಳಗೆ ತೂರಿಸಿ ಹೊರಟುಬಿಡೋಣ. ಅಡ್ವಾನ್ಸ್ ಅವನೇ ಇಟ್ಕೊಳ್ಲಿ, ಲೆಕ್ಕ ಚುಕ್ತಾ!" ಎಂದ ಡೆಲ್ಬರ್ಟ್.

ನಮ್ಮ ಕಡೆ ಎಷ್ಟೋ ಜನ ಹೀಗೇ ಮಾಡಿ ಸಿಕ್ಕಿಹಾಕಿಕೊಂಡಿದ್ದಾರೆ.

ಕೆಳಮನೆಯ ಓಡೆಟ್ ಅಕ್ಕ ಬಾಡಿಗೆದಾರರ ಸಂಘದವಳು, ಸುಮ್ಮನಿರುವ ಜೀವವೇ ಅಲ್ಲ.

"ಅಯ್ಯೋ ಪುಣ್ಯಾತ್ಮ! ಬೀಗದ ಕೈ ಎಸೆದ್ರೆ ಕರಾರು ಮುಗಿದುಹೋಗುತ್ತಾ? ಉಳಿದ ಬಾಡಿಗೆಗೆ ಕೋರ್ಟಿಗೆ ಎಳೀಬಹುದು. ಅದಿರ್ಲಿ, ಟೂಸಾನ್ ಓನರ್ ಮನೆ ಕೊಡೋಕೆ ಮುಂಚೆ ಇಲ್ಲಿನ ಓನರ್‌ಗೆ ಫೋನ್ ಮಾಡ್ತಾನಲ್ಲ, ಆಗ? 'ಹೇಳದೆ ಕೇಳದೆ ಓಡಿಹೋದ್ರು' ಅಂತಾನೆ. ಮಕ್ಕಳನ್ನ ಕಟ್ಕೊಂಡು ಟ್ರಕ್ಕಲ್ಲೇ ಸಂಸಾರ ಮಾಡ್ತೀಯಾ?"

ರೋಶೆಲ್‌ಳ ಮುಖ ಸಪ್ಪಗಾಯಿತು. "ಹಾಗಾದ್ರೆ ಕೆಲಸಾನೇ ಬಿಡ್ಬೇಕಾ ಅಕ್ಕಾ?"

"ಯಾಕೆ ಬಿಡ್ತೀಯ? ಕರಾರು ತೆಗೆದು ಓದು. ಮಧ್ಯದಲ್ಲಿ ಬಿಟ್ರೆ ಏನು ಕೊಡ್ಬೇಕು ಅಂತ ಅದರಲ್ಲಿದ್ಯಾ ನೋಡು. ಇವತ್ತೇ ಓನರ್‌ಗೆ ಬರೆದು ತಿಳಿಸು. ನಿಮ್ಮ ಬದಲು ಬೇರೆಯವರು ಬಂದ್ರೆ ಆಗುತ್ತಾ ಅಂತಾನೂ ಕೇಳು."

ಎರಡು ತಿಂಗಳ ಬಾಡಿಗೆ ದಂಡ ಎಂದು ಕರಾರಿನಲ್ಲಿತ್ತು. ರೋಶೆಲ್ ಬರೆದು ತಿಳಿಸಿದಾಗ ಓನರ್ ಗೊಣಗಿದ. ಕೊನೆಗೆ, "ಒಳ್ಳೆಯವರನ್ನ ಕರ್ಕೊಂಡು ಬನ್ನಿ, ದಂಡ ಬಿಡ್ತೀನಿ" ಎಂದ.

ಶನಿವಾರ ಗಂಡ ಹೆಂಡತಿ ಇಬ್ಬರೂ ಹಳೆಯ ಸಾಮಾನನ್ನೆಲ್ಲ ಅಂಗಳದಲ್ಲಿ ಮಾರಾಟಕ್ಕಿಟ್ಟರು. ಸೋಫಾ ನೋಡಲು ಬಂದ ಹೊಸ ಜೋಡಿಯೊಂದು ಕಣ್ಣರಳಿಸಿ ಕೇಳಿತು: "ಮನೆ ಖಾಲಿ ಮಾಡ್ತಿದೀರಾ? ನಾವು ಮನೇನೇ ಹುಡುಕ್ತಿದೀವಿ!"

ಡೆಲ್ಬರ್ಟ್ ಕುಣಿದೇಬಿಟ್ಟ. "ಸೋಫಾ ಪುಕ್ಕಟೆ! ಹಿಡೀರಿ ಆ ಕಡೆ, ವಾಪಸ್ ಒಳಗೇ ಇಡೋಣ!"

ಓನರ್ ಆ ಜೋಡಿಯನ್ನು ಕಂಡು ಮಾತಾಡಿದ, ಒಪ್ಪಿದ. ಹಳೆಯ ಕರಾರು ಮುಗಿಯಿತೆಂದು ಬರೆದೂ ಕೊಟ್ಟ. ಮುಂದಿನ ವಾರ ಟೂಸಾನಿನಿಂದ ಫೋನ್ ಬಂದಾಗ ಅವನೇ ಹೇಳಿದ: "ಹೇಳಿ ಹೋಗೋ ಜನ ಸ್ವಾಮಿ, ಕಣ್ಮುಚ್ಚಿ ಮನೆ ಕೊಡಿ."

ನಿಮ್ಮ ಮನೆಯಲ್ಲೂ ಹೊರಡುವ ಸಡಗರವೇ? ಕುಣಿಯಿರಿ, ಯಾರು ಬೇಡ ಅಂದರು! ಆದರೆ ಟ್ರಕ್ಕಿಗೆ ಹೇಳುವ ಮೊದಲು ಕರಾರು ಓದಿ. ಕಾನೂನು ಎಲ್ಲ ಕಡೆ ಒಂದೇ ಅಲ್ಲ, ಗೊತ್ತಾಗದಿದ್ದರೆ ನಿಮ್ಮೂರಿನ ಬಾಡಿಗೆದಾರರ ಸಂಘದಲ್ಲಿ ಕೇಳಿ. ಬೀಗದ ಕೈಯನ್ನು ಬಾಗಿಲ ಕೆಳಗೆ ತೂರಿಸಬೇಡಿ, ಓನರ್ ಕೈಗೇ ಕೊಟ್ಟು ಹೊರಡಿ.